ಮೂರನೇ ಟೆಂಟಿನ ಹೊಲಿಗೆ

ಮೂರು ಟೆಂಟುಗಳೂ ಹರಿದಿದ್ದವು.

ಮೊದಲು ನೋಡಿದವಳು ಸಿರಿ. ಬೆಳಗಿನ ಆರು ಗಂಟೆ. ಹಳೇಬೀಡಿನ ಕೆರೆ ಏರಿಯ ಕೆಳಗೆ ಅವಳ ದೊಡ್ಡಪ್ಪ ಜಯದೇವಪ್ಪನವರ ತೆಂಗಿನ ತೋಟ. ಯಾವ ಟೆಂಟಿನೊಳಗೆ ನೀರು ಇಳಿದಿದೆ, ಯಾವುದರೊಳಗೆ ಇಳಿದಿಲ್ಲ ಎಂದು ಬರೆದುಕೊಳ್ಳಲು ನೋಟ್‌ಬುಕ್ಕು ಹಿಡಿದು ಬಂದಿದ್ದಳು. ಬರೆಯಲು ಏನೂ ಉಳಿದಿರಲಿಲ್ಲ.

ಹಸಿರು ಟೆಂಟಿನ ನೆತ್ತಿಯಿಂದ ಬುಡದವರೆಗೆ ಎರಡು ಗೀರು. ನೀಲಿಯದಕ್ಕೆ ಅಡ್ಡಡ್ಡ ಮೂರು. ಖಾಕಿ ಬಣ್ಣದ ಮೂರನೆಯದು ಒಂದು ಮಗ್ಗುಲಿಗೆ ಬಾಯಿ ತೆರೆದು ಬಿದ್ದಿತ್ತು.

"ಅಜ್ಜೀ!"

ತೋಟದ ಮನೆಯಿಂದ ಶಿವಗಂಗಮ್ಮ ಬಂದರು. ಹಿಂದೆಯೇ ಸಿರಿಯ ಗೆಳತಿ ಅರುಣಾ. ಶಿವಗಂಗಮ್ಮನಿಗೆ ಅರವತ್ತಾರು. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನಲವತ್ತು ವರ್ಷ ಟಾರ್ಪಾಲು ಹೊಲಿದವರು. ಲಾರಿಗೆ ಹೊದಿಸುವುದು, ಕೊಬ್ಬರಿ ಕಣಕ್ಕೆ ಹಾಸುವುದು, ಮದುವೆ ಚಪ್ಪರಕ್ಕೆ ಕಟ್ಟುವುದು ಎಲ್ಲ ಅವರ ಕೈ ದಾಟಿಯೇ ಹೋಗಿದ್ದವು. ಟೆಂಟು ಆರಿಸಿಕೊಡಿ ಎಂದು ಸಿರಿ ಹಿಂದಿನ ದಿನ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದಿದ್ದಳು.

ಅವರು ಕೂಗಾಡಲಿಲ್ಲ. ಒಂದೊಂದು ಟೆಂಟಿನ ಸುತ್ತಲೂ ಒಂದು ಸುತ್ತು ಬಂದರು.

"ಯಾರೂ ಏನೂ ಮುಟ್ಬ್ಯಾಡಿ" ಎಂದರು.

ಅಷ್ಟರಲ್ಲಿ ಜಯದೇವಪ್ಪನವರು ಗೇಟು ತಳ್ಳಿಕೊಂಡು ಬಂದರು. ಹಣೆಯಲ್ಲಿ ಇನ್ನೂ ವಿಭೂತಿ ಇರಲಿಲ್ಲ. ಸುದ್ದಿ ಪೂಜೆಗಿಂತ ಮುಂಚೆ ಮುಟ್ಟಿತ್ತು.

"ನೋಡಿದ್ಯಾ? ನಾನ್ ಹೇಳಿದ್ನೋ ಇಲ್ವೋ?"

"ಪೊಲೀಸ್ ಕರೀತೀನಿ ದೊಡ್ಡಪ್ಪ."

"ನನ್ನ ತೋಟಕ್ಕೆ ಪೊಲೀಸಾ? ಮಾತಾಗಿತ್ತು ಕಣಮ್ಮ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಬೈಕಿನ ಕೀ ನನ್ನ ಕೈಗೆ. ಎಲ್ಲಿ, ಕೊಡು."

ಸಿರಿ ಕೀಯನ್ನು ಮುಷ್ಟಿಯೊಳಗೆ ಒತ್ತಿ ಹಿಡಿದಳು.

ಅದು ಒಂದು ಕೀಯ ಮಾತಲ್ಲ. ಅರಸೀಕೆರೆಯ ಎಂಟು ಹೆಣ್ಣುಮಕ್ಕಳು ಶುಕ್ರವಾರ ಹತ್ತು ದಿನದ ಬೈಕ್ ಪ್ರವಾಸ ಹೊರಡುವವರಿದ್ದರು. ಹೋದ ವರ್ಷ ಸಿರಿ, ಅರುಣಾ ಇಬ್ಬರೇ ಹೋದಾಗ ಮೂರು ಲಾಡ್ಜುಗಳಲ್ಲಿ "ಗಂಡಸರು ಯಾರೂ ಇಲ್ವಾ?" ಎಂದು ಕೇಳಿ ರೂಮು ಇಲ್ಲ ಎಂದಿದ್ದರು. ಅದಕ್ಕೇ ಟೆಂಟು. ಟೆಂಟಿದ್ದರೆ ಯಾರನ್ನೂ ಕೇಳಬೇಕಿಲ್ಲ. ಆದರೆ ಉಳಿದ ಏಳು ಮನೆಯವರೂ ಒಂದೇ ಮಾತು ಹೇಳಿದ್ದರು: ಜಯದೇವಪ್ಪನವರು ಸೈ ಅಂದರೆ ನಾವೂ ಸೈ. ಅವರು ಒಂದು ಫೋನು ಮಾಡಿದರೆ ಎಂಟು ಬೈಕುಗಳೂ ಮನೆಯಲ್ಲೇ.

"ಯಾರು ಮಾಡಿದ್ದು ಅಂತ ನಾನ್ ತೋರಿಸಿದ್ರೆ?" ಎಂದಳು ಸಿರಿ.

"ಹತ್ತು ಗಂಟೆಗೆ ಪೂಜೆ, ತಿಂಡಿ ಮುಗಿಸಿ ಬತ್ತೀನಿ. ಅಷ್ಟರೊಳಗೆ ತೋರ್ಸು. ಇಲ್ಲಾಂದ್ರೆ ಏಳು ಮನೇಗೂ ನಾನೇ ಫೋನ್ ಮಾಡ್ತೀನಿ."

ಅವರು ಹೋದರು.

* * *

ಹಿಂದಿನ ಸಂಜೆ ನಡೆದದ್ದು ಇಷ್ಟು.

ಎಂಟು ಜನಕ್ಕೂ ಯಾವ ಬಗೆಯದು ಕೊಳ್ಳುವುದೆಂದು ನೋಡಲು ತಂದ ಮೂರು ಟೆಂಟು ಸಾಲಾಗಿ ನಿಂತಿದ್ದವು. ಹಸಿರಿನದು ಬೆಂಗಳೂರಿನಿಂದ ತಂದದ್ದು, ಎರಡು ಪದರದ್ದು. ನೀಲಿಯದು ಅಗ್ಗದ್ದು, ಒಂದೇ ಪದರ. ಖಾಕಿಯದು ಬೇಲೂರಿನ ದೇವರಾಜ್ ಸ್ವತಃ ಹೊಲಿದು ತಂದದ್ದು. ಬೇಲೂರಿನಲ್ಲಿ ಅವನದು ಟಾರ್ಪಾಲು ಅಂಗಡಿ. ಹುಡುಗನಾಗಿದ್ದಾಗ ಅರಸೀಕೆರೆಗೆ ಬಂದು ಶಿವಗಂಗಮ್ಮನ ಪಕ್ಕದ ಮೆಷಿನ್ನಿನಲ್ಲಿ ಕೂತು ಕೆಲಸ ಕಲಿತವನು.

"ಮಡಚಿದ್ರೆ ಎಷ್ಟುದ್ದ ಆಯ್ತದೆ?" ಎಂದು ಶಿವಗಂಗಮ್ಮ ಮೊದಲು ಕೇಳಿದ್ದರು. "ಬೈಕಿನ ಹಿಂದೆ ಅಡ್ಡ ಕಟ್ಟಿದ್ರೆ ಹ್ಯಾಂಡಲ್ಲಿಗಿಂತ ಆಚೆ ಚಾಚಬಾರ್ದು. ಚಾಚಿದ್ರೆ ಪಕ್ಕದಲ್ಲಿ ಬಸ್ ಬಂದಾಗ ಟೆಂಟೂ ಹೋಯ್ತದೆ, ನೀನೂ ಹೋಯ್ತೀಯ."

ನೀಲಿಯದರೊಳಗೆ ತಲೆ ಹಾಕಿ ನೋಡಿ, "ಒಂದೇ ಪದರ. ರಾತ್ರಿ ನಿನ್ನ ಉಸಿರೇ ನಿನ್ನ ಮುಖಕ್ಕೆ ತೊಟ್ಟಿಕ್ತದೆ" ಎಂದಿದ್ದರು. ಹಸಿರಿನದಕ್ಕೆ, "ಎರಡು ಬಟ್ಟೆ ಮಧ್ಯ ಗಾಳಿ ಆಡ್ತದೆ. ಬಾಗಿಲ ಮುಂದೆ ಹೆಲ್ಮೆಟ್ಟು, ಒದ್ದೆ ಬೂಟು ಇಡಕ್ಕೆ ಜಾಗ ಐತೆ. ಪರವಾಗಿಲ್ಲ."

ದೇವರಾಜ್ ಎದೆ ಸೆಟೆಸಿದ. "ಗಂಗಕ್ಕ, ನನ್ನದು ನೋಡಿ ಹೇಳಿ. ಆನೆ ತುಳಿದ್ರೂ ಹರಿಯಲ್ಲ."

"ತೂಕವೂ ಆನೇದೇ ಕಣಪ್ಪ" ಎಂದಳು ಅರುಣಾ. ಎಲ್ಲರೂ ನಕ್ಕರು. ದೇವರಾಜನೂ ನಕ್ಕ, ಆದರೆ ಕೊನೆಗೆ ನಕ್ಕ.

"ನಗ್ರಿ ನಗ್ರಿ. ಬಿಕ್ಕೋಡಿನ ಕಡೆ ಒಂದು ಎಸ್ಟೇಟಿನೋರು ಇಂಥವೇ ನಲವತ್ತು ಕೇಳವ್ರೆ. ಹೊಲಿದು ಮಡಗಿದೀನಿ. ನಿಮ್ಮ ಪರೀಕ್ಷೆ ಮುಗೀಲಿ, ಫೋಟೋ ಕಳಿಸು, ಆಮೇಲೆ ಲಾರಿ ಕಳಿಸ್ತೀವಿ ಅಂದವ್ರೆ."

ಪರೀಕ್ಷೆ ಸುಲಭದ್ದು. ತೋಟಕ್ಕೆ ಸ್ಪ್ರಿಂಕ್ಲರ್ ಇತ್ತು. ಈ ವಾರ ತ್ರೀ ಫೇಸ್ ಕರೆಂಟು ಬರುವುದು ರಾತ್ರಿ ಎರಡರಿಂದ ಐದು. ಕರೆಂಟು ಬಂದರೆ ಮೋಟಾರು ತಾನೇ ಓಡುತ್ತದೆ, ಟೆಂಟುಗಳ ಮೇಲೆ ಮೂರು ತಾಸು ಮಳೆ ಸುರಿಯುತ್ತದೆ. ಒಂದೊಂದು ಟೆಂಟಿನೊಳಗೂ ಶಿವಗಂಗಮ್ಮ ಒಂದು ಬಿಳಿ ಟವಲು ಹಾಸಿದರು. ಬೆಳಗ್ಗೆ ಟವಲು ಮುಟ್ಟಿ ನೋಡಿದರೆ ತೀರ್ಮಾನ. ಒಳಗೆ ಯಾರೂ ಮಲಗುವಂತಿಲ್ಲ.

ಹೆಂಗಸರು ತೋಟದ ಮನೆಯಲ್ಲಿ ಮಲಗಿದರು. ತೋಟದ ಆಳು ಜವರಪ್ಪ ಪಂಪ್‌ಹೌಸಿನಲ್ಲಿ. ದೇವರಾಜ್ ಗೇಟಿನ ಬಳಿ ತನ್ನ ಲಗೇಜ್ ಆಟೋದಲ್ಲಿ.

ಮಲಗುವ ಮುಂಚೆ ಇನ್ನೊಬ್ಬ ಬಂದಿದ್ದ. ಜಯದೇವಪ್ಪನವರ ಮಗ ಮಹಾಂತೇಶ್. ಬೈಕು ನಿಲ್ಲಿಸದೆ, ಗೇಟಿನಾಚೆಯಿಂದಲೇ ಕೂಗಿದ್ದ: "ಬೆಳಗಾಗೋ ಹೊತ್ತಿಗೆ ಈ ಗುಡಾರ ಒಂದೂ ಇಲ್ಲಿರಬಾರ್ದು ಸಿರಿ! ನೆಂಟರ ಮುಂದೆ ತಲೆ ಎತ್ತಂಗಿಲ್ಲ ನಾವು!"

* * *

"ಮಹಾಂತಣ್ಣನೇ" ಎಂದಳು ಸಿರಿ. "ಇನ್ಯಾರು?"

"ತಡಿ ಮಗ. ಜವರಪ್ಪನ್ನ ಕೇಳಾನ."

ಜವರಪ್ಪ ತಾನಾಗಿಯೇ ಮಚ್ಚು ತಂದು ಮುಂದೆ ಇಟ್ಟ. "ನೋಡ್ರವ್ವ. ಇದ್ರಲ್ಲಿ ಎಳನೀರು ಕೊಚ್ಚಬೌದು. ಬಟ್ಟೆ ಹಿಂಗೆ ನೀಟಾಗಿ ಹರಿಯಕ್ಕಾಯ್ತದಾ?"

ಗೀರುಗಳು ಕೂದಲೆಳೆಯಷ್ಟು ಸಣ್ಣವು. ಮಚ್ಚಿನವಲ್ಲ, ಬ್ಲೇಡಿನವು.

"ಕರೆಂಟು ಯಾವಾಗ ಬಂತು ಜವರಪ್ಪ?"

"ಎರಡಕ್ಕೆ ಬಂತು, ಐದಕ್ಕೆ ಹೋಯ್ತು. ಮೋಟ್ರು ನಿಂತ ಸದ್ದಿಗೇ ನಂಗೆ ಎಚ್ಚರ. ಎದ್ದು ಊರೊಳಕ್ಕೆ ಹೋದೆ, ಹಸು ಕರೆಯಕ್ಕೆ. ಈ ಅಮ್ಮ ಕೂಗಿದ ಮೇಲೇ ಬಂದಿದ್ದು."

"ಟೆಂಟಿನ ಕಡೆ ನೋಡಿದ್ಯಾ?"

"ಕತ್ತಲು ಕಣವ್ವ. ನಿಂತಿದ್ವು ಅಷ್ಟೇಯ."

ದೇವರಾಜ್ ಆಟೋದ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ಕಣ್ಣು ಕೆಂಪಾಗಿತ್ತು.

"ನನ್ನ ಟೆಂಟೂ ಹಾಳ್ ಮಾಡವ್ನಲ್ಲ ಗಂಗಕ್ಕ! ನಾನೇನ್ ಮಾಡಿದ್ದೆ ಅವ್ನಿಗೆ?"

"ಯಾರಿಗೆ?"

"ಹೆಸರು ನಾನ್ಯಾಕೆ ಹೇಳ್ಲಿ? ಮೂರು ಗಂಟೇಲಿ ಒಂದು ಬೈಕ್ ಬಂದ ಸದ್ದು ಕೇಳ್ತು. ಆಮೇಲೆ ಪರ್ ಪರ್ ಅಂತ ಬಟ್ಟೆ ಹರಿದ ಸದ್ದು. ಕನಸೇನೋ ಅನ್ಕಂಡೆ."

ಸಿರಿ ಇನ್ನು ನಿಲ್ಲಲಿಲ್ಲ. ಬೈಕು ಹತ್ತಿದಳು. ಹಗರೆಯ ದಾರಿ ಹಿಡಿದಳು.

* * *

ಹಗರೆಯ ಹಾಲಿನ ಡೈರಿಯಲ್ಲಿ ಮಹಾಂತೇಶ್ ಸೆಕ್ರೆಟರಿ. ಕ್ಯಾನುಗಳು ಸಾಲಾಗಿದ್ದವು. ಅವನು ತಲೆ ಎತ್ತದೆ ಚೀಟಿ ಹರಿದು ಕೊಡುತ್ತಿದ್ದ.

"ಮಹಾಂತಣ್ಣ, ಟೆಂಟು ಹರಿದದ್ದು ನೀನಾ?"

ಹಾಲು ಹಾಕಲು ಬಂದವರೆಲ್ಲ ತಿರುಗಿ ನೋಡಿದರು.

"ಹರಿದೋದ್ವಾ?" ಅವನ ಮುಖದಲ್ಲಿ ಖುಷಿ ಮುಚ್ಚಿಡಲಾಗಲಿಲ್ಲ. "ಯಾರೋ ಪುಣ್ಯಾತ್ಮ. ನಾನೂ ಹರೀಬೇಕು ಅಂತಿದ್ದೆ. ನಂಗಿಂತ ಮುಂಚೆ ಎದ್ದವ್ನೆ."

"ತಮಾಷೆ ಬೇಡ. ಎಲ್ಲಿದ್ದೆ?"

"ಇಲ್ಲೇ. ನೋಡು, ಮೊದಲನೇ ಚೀಟಿ ಐದೂ ನಾಲ್ಕು. ಮೆಷಿನ್ನು ಬರೆಯೋದು, ನಾನಲ್ಲ. ಆವಾಗಿಂದ ಇಲ್ಲೀತನಕ ಕುರ್ಚಿ ಬಿಟ್ಟು ಎದ್ದಿದ್ರೆ ಈ ಜನ ನನ್ನ ಬಿಡ್ತಿದ್ರಾ?"

"ಮೂರು ಗಂಟೇಲಿ?"

"ಮನೇಲಿ ನಿದ್ದೆ. ಬೇಕಾದ್ರೆ ನಿಮ್ಮತ್ತಿಗೇನ ಕೇಳು." ಅವನು ಇನ್ನೊಂದು ಚೀಟಿ ಹರಿದ. "ನೋಡು ಸಿರಿ, ನೀನು ಹೋಗೋದು ನಂಗೆ ಸುತರಾಂ ಇಷ್ಟ ಇಲ್ಲ. ಅದನ್ನ ಗೇಟಿನ ಮುಂದೆ ನಿಂತು ಕೂಗಿ ಹೇಳಿದೀನಿ. ಕತ್ತಲಲ್ಲಿ ಬಂದು ಹರಿಯೋ ಜಾತಿ ನಂದಲ್ಲ."

ಅವಳು ಗಾಡಿ ತಿರುಗಿಸಿದಳು. ಬರುವಾಗ ಇದ್ದ ಸಿಟ್ಟು ಹೋಗುವಾಗ ಅರ್ಧ ಆಗಿತ್ತು. ಉಳಿದರ್ಧ ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ.

* * *

ಒಂಬತ್ತೂಕಾಲು. ಶಿವಗಂಗಮ್ಮ ಖಾಕಿ ಟೆಂಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು.

"ಐದರಿಂದ ಡೈರೀಲಿದ್ದ ಅಜ್ಜಿ. ಮೂರಕ್ಕೆ ಎಲ್ಲಿದ್ದ ಅನ್ನೋಕೆ ಅತ್ತಿಗೆ ಒಬ್ಬರೇ ಸಾಕ್ಷಿ. ಆದ್ರೂ ಅವನೇ ಅಂದ್ರೆ ದೊಡ್ಡಪ್ಪ ಒಪ್ಪಲ್ಲ."

"ಮೂರು ಗಂಟೆ ಮಾತು ಬಿಡು. ಹಸಿರು ಟೆಂಟಿನೊಳಗಿನ ಟವಲು ಮುಟ್ಟು."

ಸಿರಿ ಮುಟ್ಟಿದಳು. ಅಂಚಿನಲ್ಲಿ ನಾಲ್ಕು ಹನಿ ಬಿಟ್ಟರೆ ಟವಲು ಒಣಗಿತ್ತು. ನೀಲಿಯದರೊಳಗಿನದೂ ಹಾಗೇ.

"ನೆತ್ತಿ ಮೇಲೆ ಇಷ್ಟುದ್ದ ಸೀಳೈತೆ. ಮೂರು ಗಂಟೇಲಿ ಹರಿದಿದ್ರೆ ಐದರ ತನಕ ಸ್ಪ್ರಿಂಕ್ಲರ್ ನೀರು ಎಲ್ಲಿಗೆ ಬೀಳ್ಬೇಕಿತ್ತು?"

ಸಿರಿ ಟವಲು ಹಿಡಿದೇ ನಿಂತಳು. "ಒಳಕ್ಕೆ. ಟವಲ್ ಹಿಂಡೋ ಹಂಗಿರಬೇಕಿತ್ತು."

"ಹಾಂ. ಹರಿದದ್ದು ನೀರು ನಿಂತ ಮೇಲೆ. ಐದು ದಾಟಿದ ಮೇಲೆ."

"ಹಂಗಾದ್ರೆ ಮಹಾಂತಣ್ಣ ಅಲ್ಲ."

"ಅಲ್ಲ. ಈಗ ಇದರೊಳಗಿನ ಟವಲು ತೆಗಿ."

ಸಿರಿ ಖಾಕಿ ಟೆಂಟಿನೊಳಗೆ ಕೈ ಆಡಿಸಿದಳು. ಬಗ್ಗಿ ನೋಡಿದಳು. "ಇಲ್ಲ."

"ಇಲ್ಲ. ನಮ್ಮ ಮೇಲೆ ಹೊಟ್ಟೆಯುರಿ ಇರೋನು ಮೂರು ಟೆಂಟು ಹರಿದು, ಒಂದೇ ಒಂದು ಟವಲು ಯಾಕೆ ಕದ್ಕಂಡೋಗ್ತಾನೆ? ಅದೂ ಬರೀ ಇದ್ರೊಳಗಿಂದ?"

ಅರುಣಾ ಪಿಸುಗುಟ್ಟಿದಳು: "ಅದು ಒದ್ದೆಯಾಗಿತ್ತು!"

ಶಿವಗಂಗಮ್ಮ ನಗಲಿಲ್ಲ. ಅವರ ಬೆರಳು ಖಾಕಿ ಬಟ್ಟೆಯ ಅಂಚಿನ ಮೇಲೆ ಮೆಲ್ಲಗೆ ಓಡುತ್ತಿತ್ತು. ಏನೋ ಹುಡುಕುತ್ತಿತ್ತು, ಸಿಗುವುದು ಬೇಡ ಎಂದುಕೊಂಡು ಹುಡುಕುವ ಹಾಗೆ.

"ಜವರಪ್ಪ, ಒಂದು ಕೊಡ ನೀರು ತಂದು ಮಡಗಪ್ಪ. ಅರುಣಾ, ನನ್ನ ಚೀಲದಲ್ಲಿ ದಬ್ಬಳ ಐತೆ, ತತ್ತಾ."

* * *

ಹತ್ತಕ್ಕೆ ಸರಿಯಾಗಿ ಜಯದೇವಪ್ಪನವರು ಬಂದರು. ವಿಭೂತಿ ಢಾಳಾಗಿತ್ತು. ಕೈಯಲ್ಲಿ ಫೋನಿತ್ತು.

"ಸಿಕ್ಕಿದ್ನಾ ನಿಮ್ಮ ಕಳ್ಳ?"

"ಕೂತ್ಕಳಿ ಯಜಮಾನ್ರೇ" ಎಂದರು ಶಿವಗಂಗಮ್ಮ. "ದೇವರಾಜ, ನೀನೂ ಬಾ. ನಿನ್ನ ಟೆಂಟು ಉಳಿಸಬೌದು ಅನ್ನಿಸ್ತದೆ."

ದೇವರಾಜ್ ಬಂದ. ಹತ್ತಿರ ಬರಲಿಲ್ಲ.

"ಉಳಿಸೋದೇನು ಗಂಗಕ್ಕ. ಹರಿದೋಗೈತಲ್ಲ."

"ಹರಿದಿಲ್ಲ ಕಣಪ್ಪ. ಯಜಮಾನ್ರೇ, ನೋಡಿ. ಆ ಎರಡು ಟೆಂಟಿಗೆ ಬ್ಲೇಡು ಎಲ್ಲೆಂದರಲ್ಲಿ ಬಿದ್ದೈತೆ. ಬಟ್ಟೇನೇ ಸೀಳೈತೆ. ಇದರಲ್ಲಿ ಬಟ್ಟೆಗೆ ಒಂದು ಗೀರಿಲ್ಲ. ಹೊಲಿಗೆ ಬಿಚ್ಚೈತೆ. ಮೂರು ಹೊಲಿಗೆಗೊಂದು ದಾರ ಕುಯ್ದು, ಆಮೇಲೆ ಎಳೆದು ತೆಗೆದವ್ರೆ. ಸೂಜಿ ತೂತು ಒಂದೂ ಕೆಟ್ಟಿಲ್ಲ. ಹಗೆತನಕ್ಕೆ ಬಂದೋನು ಕತ್ತಲಲ್ಲಿ ಕೂತು ಒಂದೊಂದೇ ಹೊಲಿಗೆ ಬಿಚ್ತಾನಾ?"

"ಹಂಗಂದ್ರೆ?" ಎಂದರು ಜಯದೇವಪ್ಪನವರು.

"ತಗೋ ದೇವರಾಜ, ದಬ್ಬಳ. ನೀನೇ ಹೊಲಿ. ಅದೇ ತೂತಲ್ಲಿ ಹೊಲಿದ್ರೆ ಕಾಲು ಗಂಟೆ ಕೆಲಸ. ಆಮೇಲೆ ಈ ಕೊಡದ ನೀರು ಹುಯ್ದು ನೋಡಾನ."

ದೇವರಾಜ್ ದಬ್ಬಳ ನೋಡಿದ. ಕೊಡ ನೋಡಿದ.

"ದಾರ ಇಲ್ವಲ್ಲ ಗಂಗಕ್ಕ."

"ಎರಡಾಳುದ್ದದ ಹೊಲಿಗೆ. ಅಷ್ಟು ದಾರ ಬಿಚ್ಚಿದ್ರೆ ಈ ನೆಲದ ಮೇಲೆ ಬಿದ್ದಿರಬೇಕಿತ್ತು. ಬೆಳಗ್ಗೆಯಿಂದ ಹುಲ್ಲು ಸವರಿದೀನಿ, ಒಂದು ಎಳೆ ಸಿಗಲಿಲ್ಲ. ಯಾಕ್ ಗೊತ್ತಾ ಯಜಮಾನ್ರೇ? ನಮ್ಮ ಕೆಲಸದಲ್ಲಿ ಬಿಚ್ಚಿದ ದಾರ ನೆಲಕ್ಕೆ ಬಿಡಬಾರ್ದು. ಬಿಟ್ರೆ ಮೆಷಿನ್ನಿನ ಚಕ್ರಕ್ಕೆ ಸುತ್ಕಂತದೆ. ಕೂಲಿಗೆ ಬಂದ ಮೊದಲನೇ ದಿನ ಅದನ್ನ ಹೇಳ್ಕೊಡೋದು. ಇವನಿಗೆ ಹೇಳ್ಕೊಟ್ಟೋಳು ನಾನೇ. ಎಡಗೈ ಬೆರಳಿಗೆ ಸುತ್ತು, ಉಂಡೆ ಮಾಡು, ಜೇಬಿಗೆ ಹಾಕು." ಅವರು ತಲೆ ಎತ್ತಿದರು. "ದಾರ ನಿನ್ನ ಜೇಬಲ್ಲೇ ಐತೆ ಕಣೋ."

ದೇವರಾಜನ ಕೈ ಅವನನ್ನು ಕೇಳದೆ ಅಂಗಿಯ ಜೇಬಿಗೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು.

ಜವರಪ್ಪ ಹಿಂದಿನಿಂದ ಬಂದು ಆ ಕೈಯನ್ನು ಈಚೆಗೆ ಎಳೆದ. ಅಡಿಕೆಯಷ್ಟು ಗಾತ್ರದ ಖಾಕಿ ದಾರದ ಉಂಡೆ ಹುಲ್ಲಿನ ಮೇಲೆ ಬಿತ್ತು.

"ಲೋ ದೇವ್ರಾಜ! ನಿಂದೇನ್ಲಾ ಇದು!"

ಅವನು ಆ ಉಂಡೆಯನ್ನೇ ನೋಡುತ್ತಿದ್ದ. ಅದು ಅಲ್ಲಿತ್ತು ಎನ್ನುವುದು ಅವನಿಗೂ ಆಗಲೇ ಗೊತ್ತಾದ ಹಾಗಿತ್ತು.

ಅರುಣಾ ಆಗಲೇ ಆಟೋದ ಸೀಟು ಎತ್ತಿದ್ದಳು. ಹಿಂಡಿ ಮುದ್ದೆ ಮಾಡಿದ ಬಿಳಿ ಟವಲು ಸೀಟಿನ ಕೆಳಗಿತ್ತು. ಇನ್ನೂ ಹಸಿ.

"ಟಾರ್ಪಾಲು ಹೊಲಿದ ಮೇಲೆ ಹೊಲಿಗೆಗೆ ಮೇಣ ತಿಕ್ಕಬೇಕು" ಎಂದರು ಶಿವಗಂಗಮ್ಮ. "ಇಲ್ದಿದ್ರೆ ಸೂಜಿ ತೂತಲ್ಲಿ ನೀರು ಇಳೀತದೆ. ಇದಕ್ಕೆ ತಿಕ್ಕಿಲ್ಲ, ಬೆರಳಿಗೆ ಜಿಡ್ಡೇ ಹತ್ತಲ್ಲ. ಐದಕ್ಕೆ ಮೋಟ್ರು ನಿಂತ ಮೇಲೆ ಬಂದು ನೋಡವ್ನೆ. ಟವಲು ನೆಂದೈತೆ. ಬೆಳಗಾದ್ರೆ ನಾವು ನೋಡ್ತೀವಿ. ಬಿಕ್ಕೋಡಿನೋರಿಗೆ ಗೊತ್ತಾಯ್ತದೆ. ಇದೊಂದನ್ನೇ ಬಿಚ್ಚಿದ್ರೆ ಅನುಮಾನ ಬತ್ತದೆ, ಅದಕ್ಕೆ ಮೂರೂ. ಹೆಂಗೂ ಮಹಾಂತೇಶ ಗೇಟಿನಲ್ಲಿ ಕೂಗಿ ಹೋಗಿದ್ದ. ಐದಕ್ಕೆ ಅವನು ಡೈರೀಲಿರ್ತಾನೆ ಅಂತ ಎಲ್ರಿಗೂ ಗೊತ್ತು. ಅದಕ್ಕೇ ಮೂರು ಗಂಟೆ ಅಂದ."

"ನಲವತ್ತಕ್ಕೂ ಮೇಣ ಹಾಕಿಲ್ವಾ?" ಸಿರಿ ಕೇಳಿದಳು. "ಮಳೇಲಿ ಅದರೊಳಗೆ ಮಲಗೋರ ಗತಿ?"

"ಟೈಮ್ ಇರ್ಲಿಲ್ಲ" ಎಂದ ದೇವರಾಜ್. ಆಮೇಲೆ ದನಿ ಏರಿಸಿದ. "ಹೆಣ್ಮಕ್ಕಳ ಶೋಕಿ ಪರೀಕ್ಷೆಗೆ ನನ್ನ ಹೊಟ್ಟೆಪಾಡು ಹೋಗಬೇಕಿತ್ತಾ?"

"ಮೇಣ ತಿಕ್ಕಕ್ಕೆ ಟೈಮ್ ಇರ್ಲಿಲ್ಲ, ದಾರ ಬಿಚ್ಚಕ್ಕೆ ಇತ್ತು" ಎಂದರು ಶಿವಗಂಗಮ್ಮ. "ನಮ್ಮ ಟೆಂಟು ಸೀಳಿದ್ಯಲ್ಲ, ಅದು ಇರ್ಲಿ. ನಿನ್ನ ಬಟ್ಟೆಗೂ ಹಂಗೇ ಬ್ಲೇಡ್ ಹಾಕಿದ್ರೆ ನಾನ್ ಕಂಡುಹಿಡೀತಿರ್ಲಿಲ್ಲ. ನಿನ್ನ ಕೈ ಬರ್ಲಿಲ್ಲ, ಅಲ್ವಾ? ಒಳ್ಳೇ ಬಟ್ಟೆ ಕುಯ್ಯಕ್ಕೆ."

ಅವನು ಬಗ್ಗಿ ದಾರದ ಉಂಡೆ ಹೆಕ್ಕಿಕೊಂಡ. ಬಿಕ್ಕೋಡಿನವರಿಗೆ ಅವನೇ ಫೋನು ಮಾಡಿ ನಿಜ ಹೇಳಬೇಕು, ಎರಡು ಟೆಂಟಿನ ಬೆಲೆ ಕಟ್ಟಿಕೊಡಬೇಕು, ಇಲ್ಲದಿದ್ದರೆ ಸ್ಟೇಷನ್ನು. ಸಿರಿ ಹಾಗೆಂದಳು. ಎಲ್ಲರ ಮುಂದೆ ನಿಂತು ಅವನು ಫೋನು ಹಚ್ಚಿದ.

* * *

ಆಟೋ ಹೋಯಿತು. ಜಯದೇವಪ್ಪನವರು ಎದ್ದು ಪಂಚೆ ಕೊಡವಿದರು.

"ಜಾಣತನ ಮೆಚ್ಚಬೇಕು. ಆದ್ರೂ ಆಗಿದ್ದು ಆಯ್ತಲ್ಲ. ನನ್ನ ತೋಟದಲ್ಲೇ ಹಿಂಗಾದ್ರೆ ಊರಾಚೆ ಏನಾದೀತು? ಕೀ ಕೊಡು."

ಸಿರಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ.

"ದೊಡ್ಡಪ್ಪ, ತಪ್ಪು ಮಾಡಿದ್ದು ಅವನು."

"ಯಾರೋ ಒಬ್ಬ. ಹೆಚ್ಚುಕಮ್ಮಿ ಆಯ್ತೋ ಇಲ್ವೋ?"

"ಆಯ್ತು. ಕಂಡುಹಿಡಿದದ್ದು ನಾವೇ. ತೋರಿಸು ಅಂದ್ರಿ, ತೋರಿಸಿದೀವಿ. ಕೀ ಕೊಡಲ್ಲ."

ಅವರಿಗೆ ಯಾರೂ 'ಕೊಡಲ್ಲ' ಎಂದು ಹೇಳಿ ಬಹಳ ವರ್ಷ ಆಗಿತ್ತು. "ಹಂಗಾದ್ರೆ ನನ್ನ ತೋಟದಲ್ಲಿ ಈ ಟೆಂಟು ಒಂದು ನಿಮಿಷ ಇರಬಾರ್ದು."

"ಸರಿ" ಎಂದಳು ಸಿರಿ.

ಶಿವಗಂಗಮ್ಮ ಆಗಲೇ ಹಸಿರು ಟೆಂಟಿನ ಮುಂದೆ ಕೂತು ಸೀಳನ್ನು ಜೋಡಿಸಿ ಹೊಲಿಯತೊಡಗಿದ್ದರು. "ಚೀಲದಲ್ಲಿ ಹಸಿರು ದಾರ ಇಲ್ಲ ಮಗ. ಕೆಂಪು ಐತೆ. ಕಾಣ್ತದೆ."

"ಕಾಣ್ಲಿ ಬಿಡಿ ಅಜ್ಜಿ."

ಎರಡು ಸೀಳಿಗೆ ಎರಡು ಕೆಂಪು ಗೆರೆ ಬಿದ್ದವು. ಮೇಲೆ ಮೇಣ ತಿಕ್ಕಿದರು. ಕೊಡದ ನೀರು ಹುಯ್ದರು. ಒಳಗೆ ಇಳಿಯಲಿಲ್ಲ. ಸಿರಿ ನೋಟ್‌ಬುಕ್ಕಿನಲ್ಲಿ ಬರೆದಳು: ಹಸಿರು.

ಅರುಣಾ ಟೆಂಟು ಬಿಚ್ಚಿ ಮಡಚಲು ಬಗ್ಗಿದಳು.

"ಬೇಡ. ಇದು ತನ್ನ ಕಡ್ಡಿ ಮೇಲೆ ತಾನೇ ನಿಲ್ಲತ್ತೆ. ಹಂಗೇ ಎತ್ತು" ಎಂದಳು ಸಿರಿ.

ಒಂದು ಮೂಲೆ ಸಿರಿ, ಒಂದು ಮೂಲೆ ಅರುಣಾ, ಒಂದು ಶಿವಗಂಗಮ್ಮ. ನಾಲ್ಕನೆಯ ಮೂಲೆ ನೆಲದಲ್ಲೇ ಉಳಿಯಿತು. ಜವರಪ್ಪ ಯಜಮಾನರ ಮುಖ ನೋಡಿದ. ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಆ ಮೂಲೆ ಎತ್ತಿದ.

"ಏನ್ಲಾ ಜವರ!"

"ಗೇಟಿನ ತನಕ ಬಿಟ್ಟು ಬತ್ತೀನಿ ಬುದ್ಧಿ. ಭಾರ ಐತೆ."

ನಿಂತ ಟೆಂಟು ನಿಂತ ಹಾಗೇ ತೋಟದಿಂದ ಹೊರಟಿತು. ಗೇಟು ದಾಟಿತು. ಜವರಪ್ಪ ಅಲ್ಲಿ ಬಿಡಲಿಲ್ಲ. ರಸ್ತೆ ದಾಟುವಾಗ ಬೇಲೂರಿನ ಬಸ್ಸು ಬ್ರೇಕು ಹಾಕಿ ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ ಕೂಗಿದ:

"ಏನ್ರಮ್ಮಾ, ಮನೇನೇ ಹೊತ್ಕಂಡ್ ಹೊಂಟ್ರಿ!"

"ಹೂಂ ಕಣಣ್ಣ" ಎಂದಳು ಸಿರಿ. "ಸ್ವಲ್ಪ ದಾರಿ ಬಿಡಿ."

ಕೆರೆ ಏರಿಯ ಪಕ್ಕದ ಹುಲ್ಲು ಯಾರಪ್ಪನದೂ ಅಲ್ಲ. ಅಲ್ಲಿ ಇಳಿಸಿದರು. ಸಿರಿ ಒಳಗೆ ಕೂತು ಫೋನು ತೆಗೆದಳು. ದೊಡ್ಡಪ್ಪ ಮಾಡುವ ಮುಂಚೆ ಏಳು ಮನೆಗೂ ತಾನೇ ಮಾಡಬೇಕಿತ್ತು. ನಡೆದದ್ದು ಪೂರ್ತಿ ಹೇಳಬೇಕಿತ್ತು. ಒಪ್ಪುವವರು ಒಪ್ಪಲಿ, ಬಿಡುವವರು ಬಿಡಲಿ.

"ಅನುಸೂಯಮ್ಮನೋರಾ? ನಾನು ಸಿರಿ. ರಾತ್ರಿ ನಮ್ಮ ಟೆಂಟು ಹರಿದಾಕಿದ್ರು. ಯಾರು ಅಂತ ಗೊತ್ತಾಯ್ತು. ಹೊಲಿದೂ ಆಯ್ತು." ಅವಳು ಹೊರಗೆ ನೋಡಿದಳು. ದೊಡ್ಡಪ್ಪ ಇನ್ನೂ ಗೇಟಿನಲ್ಲಿ ನಿಂತಿದ್ದರು. ದನಿ ಅಲ್ಲಿಗೂ ಕೇಳಲಿ ಎಂದು ಜೋರು ಮಾಡಿದಳು. "ಶುಕ್ರವಾರ ಹೊರಡೋದೇ. ನಿಮ್ಮ ಮಗಳು ಬರ್ತಾಳೋ, ಅಥವಾ ಏಳೇ ಜನ ಹೋಗೋಣವೋ, ಅಷ್ಟು ಹೇಳಿ."